ನಿಂತರೆ ಕುದಿಯುವ ಕಾರು

"ಗಾಜು ಇಳಿಸೇ!"

ಹಿಂದಿನ ಕಿಟಕಿಗೆ ಕಬ್ಬಿಣದ ರಾಡ್ ಬಡಿಯಿತು. ಗಾಜು ಬಿರುಕು ಬಿಟ್ಟಿತು... ಒಡೆಯಲಿಲ್ಲ.

ಮುಂದೆ ರೈಲ್ವೆ ಗೇಟು ಹಾಕಿತ್ತು. ಹಿಂದೆ ಲಾರಿ. ಪಕ್ಕದಲ್ಲಿ ಒಂದು ಬೈಕು, ಅದರ ಮೇಲೆ ಹೆಲ್ಮೆಟ್ ಹಾಕಿದ ಇಬ್ಬರು. ಮಟಮಟ ಮಧ್ಯಾಹ್ನ. ಲಾರಿಯವನು ಏನೂ ಕಾಣದವನಂತೆ ಮುಖ ಆ ಕಡೆ ತಿರುಗಿಸಿಕೊಂಡಿದ್ದ.

ಟೆಂಪರೇಚರ್ ಮುಳ್ಳು ಕೆಂಪು ಗೆರೆ ಮುಟ್ಟಿತು.

ಎಂಜಿನ್ ಆಫ್ ಮಾಡುವಂತಿಲ್ಲ. ಮತ್ತೆ ಸ್ಟಾರ್ಟ್ ಆಗದಿದ್ದರೆ ನಮ್ಮ ಕತೆ ಮುಗಿಯಿತು! ಹೀಟರನ್ನು ಫುಲ್ ತಿರುಗಿಸಿದೆ.

"ತಲೆ ಕೆಟ್ಟಿದೆಯೇನ್ರೀ? ಈ ಬಿಸಿಲಲ್ಲಿ ಹೀಟರಾ!" ನನ್ನ ಪಕ್ಕದಲ್ಲಿದ್ದವನು ಕಿರುಚಿದ.

"ಎಂಜಿನ್ನಿನ ಬಿಸಿ ಒಳಗೆ ಬರ್ಲಿ. ನೀನು ಬೆಂದ್ರೂ ಪರವಾಗಿಲ್ಲ, ಅದು ಬೇಯಬಾರದು!"

ಹಿಂದಿನ ಸೀಟಿನಲ್ಲಿ ಅವನ ಅಕ್ಕ. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು. 

ರೈಲು ಹೋಯಿತು. ಗೇಟು ಎದ್ದಿತು... ನುಗ್ಗಿದೆ!

ನೂರು ಗಜ ಓಡಿದ್ದೇ ತಡ, ಮುಳ್ಳು ಇಳಿಯತೊಡಗಿತು. ಓಡಿದರೆ ತಣ್ಣಗೆ, ನಿಂತರೆ ಕುದಿತ.

ನನಗೆ ಅನುಮಾನ ಬಂದದ್ದೇ ಅಲ್ಲಿ.

ನನ್ನ ಕಸುಬು ಗೊತ್ತಲ್ಲ ನಿಮಗೆ? ತಲುಪಬಾರದೆಂದು ಯಾರೋ ಹಟ ಹಿಡಿದಿರುವ ಜನರನ್ನು ತಲುಪಿಸುವುದು. ಈ ಅಕ್ಕ ಒಂದು ಕಾರ್ಖಾನೆಯಲ್ಲಿ ಶಿಫ್ಟ್ ಇನ್‌ಚಾರ್ಜ್. ಬಾಯ್ಲರ್ ಒಡೆದು ಇಬ್ಬರು ಸತ್ತಿದ್ದರು. ಸೇಫ್ಟಿ ವಾಲ್ವ್ ಮುಚ್ಚಿಸಿದ್ದು ಮಾಲೀಕನೇ ಎಂದು ಕಣ್ಣಾರೆ ಕಂಡು ಹೇಳಬಲ್ಲವಳು ಇವಳೊಬ್ಬಳೇ. ಎರಡು ಸಲ ಸಾಕ್ಷಿ ಹೇಳಲು ಹೊರಟು, ಎರಡು ಸಲವೂ ದಾರಿಯಲ್ಲೇ ಅವಳ ಇದೇ ಕಾರು ಕುದಿದು ನಿಂತಿತ್ತು. ಗ್ಯಾರೇಜಿನವನು ನೋಡಿ ಎಲ್ಲ ಸರಿಯಿದೆ ಎಂದಿದ್ದ. ಡ್ರೈವರ್ ಮೇಲೆ ಅನುಮಾನಪಟ್ಟು, ಅವನನ್ನು ಕೆಲಸದಿಂದ ಬಿಡಿಸಿ ನನ್ನನ್ನು ಕರೆಸಿದ್ದಳು.

ಇವತ್ತು ಮೂರು ಗಂಟೆಗೆ ಕೊನೆಯ ಅವಕಾಶ. ಈಗ ಒಂದೂ ಐವತ್ತು.

ಗಲ್ಲಿಯಿಂದ ಗಲ್ಲಿಗೆ ತಿರುಗಿಸಿ ಬೈಕನ್ನು ತಪ್ಪಿಸಿದೆ. ಬಾಗಿಲು ಹಾಕಿದ್ದ ಒಂದು ಸಾಮಿಲ್‌ನ ಹಿಂದೆ ಕಾರು ನಿಲ್ಲಿಸಿದೆ.

"ನಿಲ್ಲಿಸಿದ್ದು ಯಾಕೆ? ಹೊರಡ್ರೀ!" ಎಂದ ತಮ್ಮ.

"ಕೋರ್ಟಿನ ಗೇಟಲ್ಲಿ ತಪಾಸಣೆಗೆ ಕ್ಯೂ ಇರತ್ತೆ. ಅಲ್ಲಿ ಕುದಿದ್ರೆ ನೀನು ಊದಿ ಆರಿಸ್ತೀಯಾ?"

"ಆ ಡ್ರೈವರ್‌ದೇ ಕೆಲಸ ಇದು. ಫ್ಯಾನಂತೂ ಸರಿಯಾಗಿ ತಿರುಗ್ತಿದೆ!"

ನಾನಿನ್ನೂ ಬಾನೆಟ್ ಎತ್ತಿರಲಿಲ್ಲ. ಫ್ಯಾನಿನ ಮಾತನ್ನು ಯಾರೂ ಎತ್ತಿರಲಿಲ್ಲ!

ಬಾನೆಟ್ ಎತ್ತಿದೆ. ರೇಡಿಯೇಟರ್ ಮುಚ್ಚಳ ಮುಟ್ಟಲಿಲ್ಲ, ಮುಖ ಸುಟ್ಟುಕೊಳ್ಳುವ ಆಸೆ ನನಗಿಲ್ಲ. ಪಕ್ಕದ ಡಬ್ಬಿಯಲ್ಲಿ ನೀರಿತ್ತು. ಮೇಲಿನ ಪೈಪು ಬಿಸಿ, ಕೆಳಗಿನದೂ ಬಿಸಿ. ಅಂದರೆ ನೀರು ಓಡಾಡುತ್ತಿದೆ. ಸೋರಿಕೆಯಿಲ್ಲ. ಫ್ಯಾನ್... ಹೌದು, ಗಿರ್ರನೆ ತಿರುಗುತ್ತಿತ್ತು.

"ಹೇಳ್ಲಿಲ್ವಾ ನಾನು?"

ಸೀಟಿನಡಿಯ ಹಳೇ ಪೇಪರಿನಿಂದ ಒಂದು ಹಾಳೆ ಹರಿದೆ. ಕಾರಿನ ಮೂತಿಗೆ, ಗ್ರಿಲ್ಲಿಗೆ ಒತ್ತಿ ಹಿಡಿದೆ. ರೇಡಿಯೇಟರಿನ ಹಿಂದಿರುವ ಫ್ಯಾನ್ ಗಾಳಿಯನ್ನು ಒಳಗೆಳೆಯಬೇಕು. ಹಾಳೆ ಗ್ರಿಲ್ಲಿಗೆ ಗಪ್ಪನೆ ಅಂಟಬೇಕು.

ಕೈಬಿಟ್ಟೆ.

ಹಾಳೆ ಹಾರಿ ನನ್ನ ಮುಖಕ್ಕೆ ಬಡಿಯಿತು!

ಫ್ಯಾನ್ ಉಲ್ಟಾ ತಿರುಗುತ್ತಿತ್ತು! ಕಾರು ಓಡುವಾಗ ಎದುರುಗಾಳಿಯೇ ಎಂಜಿನ್ನನ್ನು ಕಾಯುತ್ತಿತ್ತು. ನಿಂತಾಗ ಈ ಫ್ಯಾನು ತಣ್ಣನೆ ಗಾಳಿ ಎಳೆಯುವ ಬದಲು ಎಂಜಿನ್ನಿನ ಬಿಸಿಗಾಳಿಯನ್ನೇ ರೇಡಿಯೇಟರಿಗೆ ಊದುತ್ತಿತ್ತು. ಬೈಕಿನವರಿಗೆ ಇನ್ನೇನು ಬೇಕು? ಹಿಂದೆ ಹಿಂದೆ ಬಂದು, ನಿಲ್ಲುವುದನ್ನು ಕಾದರಾಯಿತು.

ಎಂಜಿನ್ ಆರಿಸಿ ಒಳಗೆ ಕೈ ತೂರಿಸಿದೆ. ಫ್ಯಾನಿನ ಎರಡು ವೈರುಗಳನ್ನು ಕತ್ತರಿಸಿ ಅದಲುಬದಲು ಸೇರಿಸಿದ್ದರು. ಡ್ರೈವರ್ ಮಾಡಿದ್ದರೆ ಹಲ್ಲಲ್ಲಿ ಸುಲಿದು, ತಿರುಚಿ, ಟೇಪು ಸುತ್ತಿ ಕೈ ತೊಳೆದುಕೊಳ್ಳುತ್ತಿದ್ದ. ಇಲ್ಲಿ? ಮುತ್ತಿನಂಥ ಬೆಸುಗೆ! ಮೇಲೆ ಅಳತೆಗೆ ಸರಿಯಾದ ಪುಟ್ಟ ಪ್ಲಾಸ್ಟಿಕ್ ಕೊಳವೆ, ಕಾಯಿಸಿ ಕೂರಿಸಿದ್ದು.

"ಅಕ್ಕಾ, ನಿಮ್ಮ ತಮ್ಮನ ಕೆಲಸವೇನು?"

"ಮೈಕು, ಆಂಪ್ಲಿಫೈಯರ್ ರಿಪೇರಿ." ಅವಳು ಬಗ್ಗಿ ನೋಡಿದಳು. ತಮ್ಮನ ಕಡೆ ತಿರುಗಿದಳು. "ಕಳ್ಳ ಕೆಲಸದಲ್ಲೂ ನಿಂಗೆ ನಯ ಬೇಕಿತ್ತೇನೋ?"

ತಮ್ಮನ ಮುಖ ಬಿಳಿಚಿತು. "ಅಂಗಡಿಗೆ ಬಂದಿದ್ರು ಅಕ್ಕಾ... ನೀನು ಕೋರ್ಟ್ ಮೆಟ್ಟಿಲು ಹತ್ತಿದ್ರೆ ಹೆಣ ಅಂದ್ರು. ದಾರೀಲಿ ಕಾರು ನಿಲ್ಲಲಿ ಸಾಕು, ಮೈ ಮುಟ್ಟಲ್ಲ ಅಂದ್ರು. ನಿನ್ನ ಉಳಿಸೋಕೆ ಮಾಡ್ದೆ!"

"ಉಳಿಸೋಕಾ? ಕಟ್ಟಿಹಾಕಿ ಅವರ ಕೈಗೆ ಕೊಟ್ಟೆಯಲ್ಲೋ!"

ಅವಳು ಹೊಡೆಯಲಿಲ್ಲ. ಹೊಡೆದಿದ್ದರೆ ಅವನಿಗೆ ಹಗುರಾಗುತ್ತಿತ್ತು.

ದೂರದಲ್ಲಿ ಬೈಕಿನ ಸದ್ದು... ನಮ್ಮ ಗಲ್ಲಿಗೇ ತಿರುಗಿತು!

ಕಟಿಂಗ್ ಪ್ಲೇಯರ್ ಅವನ ಕೈಗೆ ತುರುಕಿದೆ. "ಕತ್ತರಿಸು. ತಿರುಗಿಸಿ ಸೇರಿಸು!"

"ಬೆಸುಗೆ ಇಲ್ದೆ..."

"ಸೇರಿಸೋ!"

ಅವನು ಹಲ್ಲಲ್ಲೇ ವೈರು ಸುಲಿದ. ತಿರುಚಿ ಸೇರಿಸಿದ. ಒಂದೊಂದು ಸುತ್ತು ಟೇಪು ಹಾಕಿ ಬಾನೆಟ್ ಬಡಿದೆ. ಬೈಕು ಮೂಲೆ ತಿರುಗಿತು. ಮೂವರೂ ಹತ್ತಿದೊಡನೆ ಸ್ಟಾರ್ಟ್ ಮಾಡಿ ಎದುರಿಗೇ ನುಗ್ಗಿಸಿದೆ. ಅವರು ಮರದ ದಿಮ್ಮಿಗಳ ಮೇಲೆ ಬಿದ್ದರು. ಎದ್ದು ಬೈಕು ಎತ್ತುವಷ್ಟರಲ್ಲಿ ನಾವು ಹೆದ್ದಾರಿಯಲ್ಲಿದ್ದೆವು.

ಕೋರ್ಟಿನ ಗೇಟಿನಲ್ಲಿ ಉದ್ದನೆಯ ಕ್ಯೂ. ಹನ್ನೆರಡು ನಿಮಿಷ ನಿಂತೆವು. ಮೂವರ ಕಣ್ಣೂ ಮುಳ್ಳಿನ ಮೇಲೆ. ಅದು ನಡುವಿನಿಂದ ಅಲುಗಲಿಲ್ಲ!

ಮೂರಕ್ಕೆ ಐದು ನಿಮಿಷವಿದ್ದಾಗ ಅಕ್ಕ ಇಳಿದಳು. ತಿರುಗಿ ನೋಡದೆ ಮೆಟ್ಟಿಲು ಹತ್ತಿದಳು.

ಒಂದು ಗಂಟೆಯ ನಂತರ ಹೊರಬಂದಳು, ಜೊತೆಯಲ್ಲಿ ಒಬ್ಬ ಇನ್ಸ್‌ಪೆಕ್ಟರ್. ತಮ್ಮನ ಕಡೆ ಬೆರಳು ತೋರಿಸಿದಳು.

"ಅಂಗಡಿಗೆ ಬಂದವರ ಮುಖ ಇವನು ನೋಡಿದಾನೆ ಸರ್. ಎಲ್ಲ ಹೇಳ್ತಾನೆ." ಮತ್ತೆ ಅವನಿಗೆ, "ಹೇಳಿ ಮನೆಗೆ ಬಾ. ಹೇಳದೆ ಬರಬೇಡ."

ಅವನು ಹೇಳಿದ. ಈಗ ಅವನೂ ಸಾಕ್ಷಿ. ಮುಂದಿನ ವಾರ ಅವನನ್ನು ಕೋರ್ಟಿಗೆ ತಲುಪಿಸುವ ಕೆಲಸವನ್ನೂ ಅಕ್ಕ ನನಗೇ ಒಪ್ಪಿಸಿದಳು.

ಒಪ್ಪಿಕೊಂಡೆ. ನನ್ನದು ಒಂದೇ ಷರತ್ತು... ಅವನು ಮುಂದಿನ ಸೀಟಿನಲ್ಲೇ ಕೂರಬೇಕು, ಎರಡೂ ಕೈ ಡ್ಯಾಶ್‌ಬೋರ್ಡಿನ ಮೇಲೆ!