ಯತ್ತಪ್ಪನ ಕಿವಿ

"ನನ್ ಮೂಳೆ ಒಳಗಿಂದು ನಾನು ಕೊಡಲ್ಲ. ಮೊದ್ಲು ಅಣ್ಣ ನನ್ ಕುರಿಮರಿ ವಾಪಸ್ ಕೊಡ್ಲಿ" ಎಂದು ಜುಂಜಮ್ಮ ಕುರಿರೊಪ್ಪದ ಗೋಡೆ ಹತ್ತಿ ಕುಳಿತಳು.

ಕೆಳಗೆ ಅಪ್ಪ ಗಂಗಣ್ಣ ವೆಲ್ಲೂರಿನ ಆಸ್ಪತ್ರೆಗೆ ಹೊರಡಲು ಬ್ಯಾಗು ಹಿಡಿದು ನಿಂತಿದ್ದ. ಅವರೂರು ಮಿಡಿಗೇಶಿಗೆ ಮಧುಗಿರಿ ಬಸ್ಸು ಬರಲು ಇನ್ನೂ ಅರ್ಧ ಗಂಟೆಯಿತ್ತು.

ಅವರ ಮನೆಯಲ್ಲಿ ಮಕ್ಕಳಿಗೆ ಒಂದೊಂದು ಮರಿ ಕೊಡುವುದು ರೂಢಿ. ಯಾರದೆಂದು ತಿಳಿಯಲು ಮರಿಯ ಕಿವಿಯಂಚನ್ನು ಚೂರು ಕತ್ತರಿಸಿ ಗುರುತು ಮಾಡುತ್ತಾರೆ. ಒಂದು ಕಚ್ಚು ಇದ್ದರೆ ಜುಂಜಮ್ಮನದು, ಎರಡಿದ್ದರೆ ಅವಳ ಅಣ್ಣ ಯತ್ತಪ್ಪನದು. ಎಂಬತ್ತೇಳರ ದೀಪಾವಳಿಯಲ್ಲಿ ಯತ್ತಪ್ಪ ಅವಳ ದುಂಡುಮರಿಯ ಕಿವಿಗೆ ಇನ್ನೊಂದು ಕಚ್ಚು ಹಾಕಿಬಿಟ್ಟ. ಏಳನೇ ಕ್ಲಾಸಿನವನ ಬುದ್ಧಿ ಅಷ್ಟೇ. ಕತ್ತರಿಸಿದ ಕಿವಿಯನ್ನು ಹೊಲಿಯಲು ಬರುವುದಿಲ್ಲವಲ್ಲ.

ಆಮೇಲೆ ಅವನು ಕಾಯಿಲೆ ಬಿದ್ದ. ಮೂಳೆಯೊಳಗಿನ ಮಜ್ಜೆ ರಕ್ತ ಮಾಡುವುದನ್ನೇ ನಿಲ್ಲಿಸಿತ್ತು. ವೆಲ್ಲೂರಿನ ಡಾಕ್ಟರು ಮನೆಯವರೆಲ್ಲರ ರಕ್ತ ಟೆಸ್ಟ್ ಮಾಡಿದರು. ಅವನದಕ್ಕೆ ಹೊಂದಿದ್ದು, ಅವನೊಂದಿಗೆ ಒಂದು ದಿನವೂ ಹೊಂದಿಕೊಳ್ಳದ ಜುಂಜಮ್ಮನದು ಮಾತ್ರ.

"ಕೂಸಿನ ಮೂಳೆಗೆ ಯಾಕೆ ಕೈ ಹಾಕ್ತೀರ? ನಾಲ್ಕು ಕುರಿ ನಲ್ಲಿಮೂಳೆ ಬೇಯ್ಸಿ ಚೀಪ್ಸಿದ್ರೆ ಆಗಕಿಲ್ವಾ?" ಎಂದಳು ಅಜ್ಜಿ ಗಿರಿಯಮ್ಮ.

"ಅದು ಹೊಟ್ಟೆಗೆ ಹೋಯ್ತದೆ ಕಣವ್ವ" ಎಂದ ಗಂಗಣ್ಣ. "ಇವಳದ್ನ ಸೂಜೀಲಿ ತೆಗ್ದು ಅವನ ರಕ್ತಕ್ಕೆ ಬುಡ್ತಾರಂತೆ. ಅದೇ ದಾರಿ ಹುಡುಕ್ಕೊಂಡು ಮೂಳೆ ಸೇರ್ತದಂತೆ. ಆಮ್ಯಾಕೆ ಅವನ ಮೈಯಾಗೆ ಓಡೋದೆಲ್ಲ ಇವಳ ರಕ್ತವೇ. ಇಲ್ದಿದ್ರೆ..." ಎಂದವನು ಬ್ಯಾಗನ್ನು ಇನ್ನೊಂದು ಕೈಗೆ ಬದಲಾಯಿಸಿದ.

ಜಗಲಿಯಲ್ಲಿ ಒರಗಿದ್ದ ಯತ್ತಪ್ಪ ನಕ್ಕ. "ಬ್ಯಾಡ ಬುಡಪ್ಪ. ಅವಳ ರಕ್ತ ಬಂದ್ರೆ ನಂಗೂ ಲೆಕ್ಕದಾಗೆ ಸೊನ್ನೆ ಬತ್ತದೆ."

ಜುಂಜಮ್ಮ ಗೋಡೆಯಿಂದ ಹಾರಿ ಬಂದು ಅವನ ಕಿವಿ ಹಿಂಡಿದಳು. ಯಾವಾಗ ಹಿಂಡಿದರೂ ಅದು ಹಣ್ಣುಮೆಣಸಿನಕಾಯಿಯ ಹಾಗೆ ಕೆಂಪಾಗುತ್ತಿತ್ತು. ಈ ಸಲ ಬೆಳ್ಳಗೇ ಉಳಿಯಿತು. ಅವನು ತಿರುಗಿ ಅವಳ ಜಡೆ ಎಳೆಯಲೂ ಇಲ್ಲ. ಜುಂಜಮ್ಮನಿಗೆ ಹೆದರಿಕೆಯಾಯಿತು. ಒಳಗೆ ಹೋಗಿ ತನ್ನ ಲಂಗ ತಂದು ಬ್ಯಾಗಿಗೆ ತುರುಕಿದಳು.

ಆಸ್ಪತ್ರೆಯಲ್ಲಿ ಅವಳಿಗೆ ಮತ್ತಿನ ಮದ್ದು ಕೊಟ್ಟು ಮಲಗಿಸಿದರು. ಎದ್ದಾಗ ಎಲ್ಲ ಮುಗಿದಿತ್ತು. ಸೊಂಟ ಮಾತ್ರ ಟಗರು ಗುದ್ದಿದ ಹಾಗೆ ನೋಯುತ್ತಿತ್ತು. ಯತ್ತಪ್ಪನನ್ನು ಬೇರೆ ಕೋಣೆಯಲ್ಲಿ ಒಬ್ಬನನ್ನೇ ಇಟ್ಟಿದ್ದರು. ಮದ್ದಿಗೆ ಕೂದಲುದುರಿದ ಅವನ ಬೋಳುತಲೆ ನೋಡಿ ಅವಳು ಗಾಜಿನಾಚೆಯಿಂದ ನಾಲಿಗೆ ಚಾಚಿದಳು. ಅವನು ನೋಡಿ ಕಣ್ಣು ಮುಚ್ಚಿಕೊಂಡ. ಅವಳು ದಿನವೂ ಬಂದು ಚಾಚಿದಳು. ತಿರುಗಿ ಚಾಚುವಷ್ಟು ಶಕ್ತಿ ಅವನಿಗೆ ಬರಲು ಇಪ್ಪತ್ತಮೂರು ದಿನ ಹಿಡಿಯಿತು. ಅವತ್ತು ಗಂಗಣ್ಣ ಯಾರೂ ನೋಡದ ಹಾಗೆ ಟವೆಲಿನಿಂದ ಮುಖ ಒರೆಸಿಕೊಂಡ.

ನಾಲ್ಕು ತಿಂಗಳಾದ ಮೇಲೆ ಊರಿಗೆ ಬಂದರು. ಕುರಿಗಳ ಹತ್ತಿರ ಹೋಗಬಾರದೆಂದು ಡಾಕ್ಟರು ಹೇಳಿದ್ದರಿಂದ ಯತ್ತಪ್ಪ ಜಗಲಿಯಲ್ಲೇ ಕುಳಿತಿದ್ದ. ಜುಂಜಮ್ಮ ರೊಪ್ಪದ ಬಾಗಿಲಲ್ಲಿ ಎರಡು ಕಚ್ಚಿನ ಮರಿಯನ್ನು ಹಿಡಿದು ನಿಂತು, "ಈಗ ಹೇಳ್ಲಾ, ಇದು ಯಾರ್ದು?" ಎಂದಳು.

"ನಿಂದೇ ಕಣೆ. ನಾನೇ ಅರ್ಧ ನಿನ್ನವನಾಗಿವ್ನಿ, ಮರಿ ಯಾವ ಲೆಕ್ಕ? ಬಾ, ನಂಗೂ ಒಂದು ಕಚ್ಚು ಹಾಕು" ಎಂದು ಅವನು ಕಿವಿ ಒಡ್ಡಿದ.

ಜುಂಜಮ್ಮ ಮರಿ ಬಿಟ್ಟು, ಕೈ ತೊಳೆದು ಬಂದು, ಬಲವಾಗಿ ಕಿವಿ ಹಿಂಡಿದಳು. ಅವನು ಕೂಗಿಕೊಂಡು ಅವಳ ಜಡೆ ಎಳೆದ. ಚೆನ್ನಾಗಿಯೇ ನೋಯಿತು.

ಅವಳು ಅಪ್ಪನಿಗೆ ದೂರು ಹೇಳಲಿಲ್ಲ. ಅಣ್ಣನ ಕಿವಿಯನ್ನೇ ನೋಡುತ್ತಾ ನಿಂತಳು. ಅದು ನಿಧಾನವಾಗಿ ಕೆಂಪಗಾಗುತ್ತಿತ್ತು.