ಪೂರ್ಣ ವಾಕ್ಯದಲ್ಲಿ ಉತ್ತರಿಸಿ

"ನಾಳೆ ಪೇರೆಂಟ್ಸ್ ಮೀಟಿಂಗ್‌ನಲ್ಲಿ ಟ್ಯಾಬ್‌ನಲ್ಲಿರೋ ಉತ್ತರಗಳನ್ನೆಲ್ಲ ದೊಡ್ಡ ಸ್ಕ್ರೀನ್ ಮೇಲೆ ತೋರಿಸ್ತೀವಿ," ಎಂದರು ದೊಡ್ಡ ಮೇಡಂ. "ಎಲ್ಲಾ ಇದೆ ತಾನೇ?"

"ಒಂದಕ್ಷರನೂ ಬಿಟ್ಟಿಲ್ಲ ಮೇಡಂ," ಎಂದ ಅವನು.

ಸ್ಟಾಫ್ ರೂಮಿನ ಮೂಲೆಯಲ್ಲಿ ಕೂತಿದ್ದ ಕನ್ನಡ ಪದ್ಯದ ಟೀಚರ್‌ಗೆ ಕೈಕಾಲು ತಣ್ಣಗಾಯಿತು.

ಅವನೆಂದರೆ ಟ್ಯಾಬ್‌ಗಳ ಟೆಕ್ನೀಷಿಯನ್. ಬಂದ ದಿನವೇ ಕಂಡವರನ್ನೆಲ್ಲ "ಚಾರ್ಜ್ ಇದೆಯಾ?" ಎಂದು ಕೇಳಿ ಮಕ್ಕಳ ಬಾಯಲ್ಲಿ ಚಾರ್ಜರ್ ಸರ್ ಆಗಿಹೋದವನು. ಪ್ರತಿ ಮಗುವಿಗೂ ಒಂದು ಟ್ಯಾಬ್. ಸರಿ ಬರೆದರೆ ಮುಂದಿನ ಲೆಕ್ಕ ಸ್ವಲ್ಪ ಕಷ್ಟದ್ದು, ತಪ್ಪಿದರೆ ಸ್ವಲ್ಪ ಸುಲಭದ್ದು. ಯಾರೂ ಯಾರಿಗಾಗಿಯೂ ಕಾಯಬೇಕಿಲ್ಲ, ಯಾರ ಮುಂದೆಯೂ ಪೆಚ್ಚಾಗಬೇಕಿಲ್ಲ ಎಂದು ಅವನು ಮೊದಲ ದಿನ ವಿವರಿಸಿದ್ದ.

ಆ ಕೊನೆಯ ಮಾತು ಅವಳಿಗೆ ಬಹಳ ಹಿಡಿಸಿತ್ತು. ಗಣಿತದ ಮೇಷ್ಟ್ರು ವರ್ಷದ ನಡುವೆ ಕೆಲಸ ಬಿಟ್ಟಾಗ ದೊಡ್ಡ ಮೇಡಂ ಅವಳನ್ನೇ ಕರೆದು, "ಟ್ಯಾಬೇ ಕಲಿಸುತ್ತಮ್ಮ, ನೀನು ಸುಮ್ನೆ ಜೊತೆಗಿರು" ಎಂದಿದ್ದರು. ಬೇಡ ಎನ್ನಲು ಧೈರ್ಯ ಸಾಲಲಿಲ್ಲ. ಚಿಕ್ಕಂದಿನಲ್ಲಿ ಬೋರ್ಡಿನ ಮುಂದೆ ನಿಲ್ಲಿಸಿಕೊಂಡು ಅತ್ತ ದಿನದಿಂದ ಭಿನ್ನರಾಶಿ ಎಂದರೆ ಅವಳಿಗೆ ಜ್ವರ. ಹಾಗಾಗಿ ಮಕ್ಕಳು ಬರುವ ಮುಂಚೆ ಲ್ಯಾಬಿನ ಕಪಾಟಿನಿಂದ ಸ್ಪೇರ್ ಟ್ಯಾಬ್ ತೆಗೆದು, ಅದರಲ್ಲಿದ್ದ 'ಮಾದರಿ ವಿದ್ಯಾರ್ಥಿ' ಎಂಬ ಹೆಸರಲ್ಲಿ ಕದ್ದು ಕಲಿಯತೊಡಗಿದಳು.

ಎಡವಟ್ಟಾದದ್ದು ಇಲ್ಲೇ. "ಪೂರ್ಣ ವಾಕ್ಯದಲ್ಲಿ ಬರೀರಿ, ಒಂದೇ ಪದ ಗೀಚಿದ್ರೆ ಅರ್ಧ ಮಾರ್ಕ್ಸ್" ಎಂದು ಮಕ್ಕಳಿಗೆ ಗದರಿ ಗದರಿ ಆ ಅಭ್ಯಾಸ ಅವಳ ಕೈಗೇ ಅಂಟಿತ್ತು. ಯಂತ್ರ ಅಂಕಿ ಕೇಳಿದರೆ ಅವಳು ಬರೆದಳು: 'ತೊಟ್ಟಿಯಲ್ಲಿ ಮುಕ್ಕಾಲು ಭಾಗ ನೀರು ಉಳಿಯುತ್ತದೆ.' ಪರದೆ ಕೆಂಪಗಾಯಿತು. ಅವಳು ಬೆವರಿದಳು. ಸಂಜೆ ಇಣುಕಿದರೆ ಅದೇ ಉತ್ತರ ಹಸಿರಾಗಿತ್ತು. ದಿನವೂ ಹೀಗೇ. ಯಂತ್ರಕ್ಕೂ ಯೋಚಿಸಲು ಟೈಮ್ ಬೇಕೇನೋ ಎಂದುಕೊಂಡಳು, ಪಾಪ.

ಯಾರೂ ಓದದ ಜಾಗ ಸಿಕ್ಕರೆ ಮನಸ್ಸು ಸುಮ್ಮನಿರುತ್ತದೆಯೇ? ವಾಕ್ಯಗಳು ಉದ್ದವಾದವು. 'ಹಗ್ಗದಲ್ಲಿ ಅರ್ಧ ಉಳಿಯಿತು, ನನ್ನ ಭಯ ಮಾತ್ರ ಪೂರ್ತಿ ಉಳಿದಿದೆ.' ಮೊನ್ನೆಯಂತೂ ಕೈ ಹಿಡಿತ ತಪ್ಪಿತು. 'ಬಸ್ಸಿನಲ್ಲಿ ಕಾಲು ಭಾಗ ಸೀಟು ಖಾಲಿ. ಚಾರ್ಜರ್ ಸರ್ ಬಾರದ ದಿನ ಇಡೀ ಶಾಲೆಯೇ ಖಾಲಿ.'

ಅದು ನಾಳೆ ಪರದೆಯ ಮೇಲೆ. ಮಕ್ಕಳ ಅಪ್ಪಂದಿರು, ಅಮ್ಮಂದಿರು, ಮೊದಲ ಸಾಲಿನಲ್ಲಿ ದೊಡ್ಡ ಮೇಡಂ. ಕೆಲಸ ಹೋಗುತ್ತದೆ, ಮಾನ ಹೋಗುತ್ತದೆ, ಅವನು ನಗುತ್ತಾನೆ. ಮೂರರಲ್ಲಿ ಕೊನೆಯದಕ್ಕೇ ಅವಳು ಹೆಚ್ಚು ಹೆದರಿದಳು.

ದೊಡ್ಡ ಮೇಡಂ ಜೊತೆ ಮಾತು ಮುಗಿಸಿ ಅವನು ಹೊರಟದ್ದೇ ತಡ, ಅವಳೂ ಎದ್ದಳು. ಕಾರಿಡಾರಿನಲ್ಲಿ ಎದುರು ಬಂದವರೆಲ್ಲ ಆಗಲೇ ಓದಿ ಮುಗಿಸಿದವರ ಹಾಗೆ ಕಂಡರು. ಲ್ಯಾಬಿನ ಬಾಗಿಲಲ್ಲಿ ಎರಡು ಸಲ ಹಿಂದೆ ಸರಿದು, ಆಮೇಲೆ ಒಳಗೆ ಹೋದಳು.

ಅವನು ಮಂಡಿಯೂರಿ ಗಂಟುಬಿದ್ದ ವೈರು ಬಿಡಿಸುತ್ತಿದ್ದ. ತಲೆಯೆತ್ತದೆ ಕಣ್ಣಷ್ಟೇ ಎತ್ತಿದ. "ಏನ್ ಟೀಚರ್, ಚಾರ್ಜ್ ಖಾಲಿನಾ?"

"ಆ ಸ್ಪೇರ್ ಟ್ಯಾಬ್... ಅದರಲ್ಲಿರೋದನ್ನ ಅಳಿಸಿಬಿಡಿ."

"ಮಾದರಿ ವಿದ್ಯಾರ್ಥಿದಾ? ಯಾಕೆ? ಒಳ್ಳೇ ಸ್ಟೂಡೆಂಟು."

"ದಯವಿಟ್ಟು." ಅವಳು ಕೈ ಜೋಡಿಸಿದಳು.

ಅವನ ಕಣ್ಣಿನ ತುಂಟತನ ಇಳಿದುಹೋಯಿತು. ಎದ್ದು ನಿಂತ. "ಅಯ್ಯೋ, ಹೆದರಬೇಡಿ. ಬೆಳಿಗ್ಗೆನೇ ಅಳಿಸಿದೀನಿ."

"ಒಂದಕ್ಷರನೂ ಬಿಟ್ಟಿಲ್ಲ ಅಂದ್ರಲ್ಲ!"

"ಮಕ್ಕಳದ್ದು ಬಿಟ್ಟಿಲ್ಲ ಅಂದೆ. ನೀವೇನು ಮಗುನಾ?"

ಒಂದು ಕ್ಷಣ ಉಸಿರು ಬಂತು. ಮರುಕ್ಷಣ ಇನ್ನೊಂದು ಹೊಳೆದು ಮತ್ತೆ ನಿಂತಿತು. "ಅಂದ್ರೆ... ನೀವು ಓದಿದ್ರಿ."

"ಓದದೆ ಹಸಿರು ಮಾಡೋಕಾಗುತ್ತಾ? ಯಂತ್ರಕ್ಕೆ ಅಂಕಿ ಬಿಟ್ರೆ ಏನೂ ತಿಳಿಯಲ್ಲ. ನಿಮ್ಮ ಲೆಕ್ಕ ಸರಿ ಇರ್ತಿತ್ತು, ಅದು ತಪ್ಪು ಅಂತಿತ್ತು. ದಿನಾ ನಾನೇ ಕೂತು ತಿದ್ತಿದ್ದೆ. ಯಂತ್ರಕ್ಕೆ ಇಷ್ಟು ಮರ್ಯಾದೆಯಾಗಿ ವಾಕ್ಯ ಬರೆಯೋರು ಈ ಶಾಲೇಲಿ ಇನ್ಯಾರಿದಾರೆ?"

ಲೆಕ್ಕ ಸರಿ ಇರುತ್ತಿತ್ತೇ? ಬೇರೆ ದಿನವಾಗಿದ್ದರೆ ಅವಳು ಕುಣಿದಾಡುತ್ತಿದ್ದಳು. ಈಗ ಪುರುಸೊತ್ತಿರಲಿಲ್ಲ.

"ಅಂಕಿ ಬರೀರಿ ಅಂತ ಒಂದು ಮಾತು ಹೇಳಬಹುದಿತ್ತು."

ಅವನು ವೈರನ್ನು ಬೆರಳಿಗೆ ಸುತ್ತಿದ, ಬಿಚ್ಚಿದ, ಮತ್ತೆ ಸುತ್ತಿದ. "ಹೇಳಿದ್ರೆ ಅಂಕಿ ಬರೀತಿದ್ರಿ. ವಾಕ್ಯ ನಿಂತುಹೋಗ್ತಿತ್ತು. ನಂಗೆ ಅದೇ ಭಯ."

"ನಿಮಗೂ ಭಯನಾ?"

"ಯಾಕೆ, ಅದೂ ನಿಮ್ಮ ಸಬ್ಜೆಕ್ಟಾ?"

ಅವಳಿಗೆ ನಗು ಬಂತು, ಅಳುವೂ ಬಂತು. ನೆಲ ನೋಡುತ್ತ ಕೇಳಿದಳು: "ಬಸ್ಸಿನದ್ದೂ ಅಳಿಸಿದ್ರಾ?"

"ಅಳಿಸಿದೆ. ಅಷ್ಟರಲ್ಲಿ ಬಾಯಿಪಾಠ ಆಗಿತ್ತು."

ಕಿವಿ ಸುಡತೊಡಗಿತು. ಅವನು ಕಪಾಟು ತೆರೆದು ಅದೇ ಸ್ಪೇರ್ ಟ್ಯಾಬ್ ತೆಗೆದು ಅವಳ ಕೈಗಿಟ್ಟ. ಅವನ ಕೈಯೂ ತಣ್ಣಗಿತ್ತು. "ಇದು ನಿಮಗೊಬ್ಬರಿಗೇ ಮಾಡಿದ ಲೆಕ್ಕ. ಕಷ್ಟ ಅನಿಸಿದ್ರೆ ಬಿಟ್ಟುಬಿಡಿ, ಯಾರೂ ಕೇಳಲ್ಲ."

ಪರದೆಯ ಮೇಲೆ ಇತ್ತು: 'ಒಬ್ಬನ ಕೆಲಸ ಈ ಶಾಲೆಯಲ್ಲಿ ನಾಳೆಗೆ ಮುಗಿಯುತ್ತದೆ. ನಾಡಿದ್ದು ಅವನು ನಿಮ್ಮ ಮನೆಗೆ ಬಂದು ಅಮ್ಮನ ಹತ್ತಿರ ಮಾತಾಡಬಹುದೇ? ಪೂರ್ಣ ವಾಕ್ಯದಲ್ಲಿ ಉತ್ತರಿಸಿ.'

ಬೋರ್ಡಿನ ಮುಂದೆ ನಿಂತ ಹುಡುಗಿಗೆ ಇದ್ದಷ್ಟೇ ನಡುಕ ಈಗಲೂ ಇತ್ತು. ಅಮ್ಮ ಏನೆನ್ನುತ್ತಾಳೋ, ಅಣ್ಣ ಏನೆನ್ನುತ್ತಾನೋ, ನಾಳೆ ಕಳೆದ ಮೇಲೆ ಇವನು ಎಲ್ಲಿರುತ್ತಾನೋ. ಬೆರಳು ಒಂದು ಪದಕ್ಕಿಂತ ಹೆಚ್ಚು ಓಡಲಿಲ್ಲ.

'ಬನ್ನಿ.'

ಪರದೆ ಕೆಂಪಗಾಯಿತು. ಅವಳು ಬೆಚ್ಚಿಬಿದ್ದಳು. ಅವನು ಬಾಗಿ, ಅವಳ ಬೆರಳ ಪಕ್ಕದಲ್ಲೇ ಒತ್ತಿ, ಅದನ್ನು ಹಸಿರು ಮಾಡಿದ.

"ಒಂದೇ ಪದನಾ ಟೀಚರ್? ನಿಮ್ಮ ರೂಲ್ಸ್ ಪ್ರಕಾರ ಅರ್ಧ ಮಾರ್ಕ್ಸ್."

"ಕಟ್ ಮಾಡ್ಕೊಳ್ಳಿ," ಎಂದಳು ಅವಳು. "ಉಳಿದರ್ಧ ಅಮ್ಮ ಕೊಡಬೇಕು."