ಮುಗಿದ ಮೇಲಿನ ಸಾಲು

“ಕೇಡಿನಿಂದ ನಮ್ಮನ್ನು ರಕ್ಷಿಸಿ, ಆಮೆನ್” ಎಂದು ಇನಾಸ ಹಣೆ, ಎದೆ ಮುಟ್ಟಿಕೊಂಡು ಶಿಲುಬೆಯ ಗುರುತು ಹಾಕುವಷ್ಟರಲ್ಲಿ, ಮಂಚದ ಆಚೆ ಬದಿಯ ದನಿ ನಿಲ್ಲದೆ ಮುಂದೆ ಹೋಯಿತು.

“ಯಾಕಂದರೆ ರಾಜ್ಯವೂ ಬಲವೂ ಮಹಿಮೆಯೂ ಸದಾಕಾಲ ನಿನ್ನವೇ...”

ಹೇಳುತ್ತಿದ್ದವಳು ಸತ್ಯವ್ವ, ಖಾನಾಪುರದ ದವಾಖಾನೆಯ ನರ್ಸು. ತಾನೊಬ್ಬಳೇ ಹೇಳುತ್ತಿದ್ದೇನೆಂದು ತಿಳಿದು ಕಣ್ಣು ತೆರೆದಳು. ಎದುರಿಗೆ ಇನಾಸ ನೋಡುತ್ತಿದ್ದ. ಹಂಚಿನ ಫ್ಯಾಕ್ಟರಿಯ ಭಟ್ಟಿ ಕಾಯ್ದು ಕೆಂಪಾದ ಕಣ್ಣಿನಲ್ಲಿ ಸಣ್ಣ ನಗೆಯಿತ್ತು.

ಲಕ್ವಾ ಹೊಡೆದು ಮಲಗಿದ್ದ ಅವನ ತಾಯಿ ಮರಿಯವ್ವ ಕತ್ತು ಹೊರಳಿಸಿದಳು. “ಮುಗೀತಲ್ಲವಾ ತಂಗಿ, ಮತ್ತ ಇದೇನ್ ಬಾಲ ಹಚ್ಚಿದಿ?”

“ನಮ್ಮ ಚರ್ಚಿನ್ಯಾಗ ಹಿಂಗ ಹೇಳ್ತೀವ್ರಿ ಅಜ್ಜಿ. ನಾವು ಬೆಳಗಾವಿ ಮೆಥೋಡಿಸ್ಟ್ ಮಂದಿ.”

“ಅದಕ್ಕ ದೇವರಿಗೆ ಏಕವಚನದಾಗ ಮಾತಾಡ್ತೀರೇನ್ರಿ ಸಿಸ್ಟರ್?” ಅಂದ ಇನಾಸ. “ನಾವು ಕ್ಯಾಥೋಲಿಕ್ ಮಂದಿ ನಿಮ್ಮ ನಾಮ, ನಿಮ್ಮ ರಾಜ್ಯ ಅಂತೀವಿ.”

“ಹಡದ ಅಪ್ಪಗ ಯಾರರ ನೀವು ಅಂತಾರೇನ್ರಿ? ಮೊದಲ ಕೈ ತೊಳಕೊಂಡು ಬರ್ರಿ, ಉಗುರಾಗ ಮಣ್ಣೈತಿ. ದೇವರಿಗೆ ಕೊಡೂ ಮರ್ಯಾದಿ ಅವ್ವನ ಗಾಯಕ್ಕೂ ಸ್ವಲ್ಪ ಕೊಡ್ರಿ.”

ಅವನು ಎದ್ದು ಬಚ್ಚಲಿಗೆ ಹೋದ. ಮರಿಯವ್ವ ಅರ್ಧ ಬಾಯಿಯಲ್ಲೇ ನಕ್ಕಳು.

ಅದು ಎಪ್ಪತ್ತೊಂಬತ್ತರ ಬೇಸಿಗೆ. ಡ್ಯೂಟಿ ಮುಗಿಸಿ ಬೆಳಗಾವಿಯ ಬಸ್ಸು ಹಿಡಿಯುವ ಮೊದಲು ಸತ್ಯವ್ವ ಭಾನುವಾರ ಬಿಟ್ಟು ದಿನಾ ಬಂದು ಮರಿಯವ್ವನ ಬೆನ್ನಿನ ಹುಣ್ಣು ತೊಳೆದು ಪಟ್ಟಿ ಕಟ್ಟುತ್ತಿದ್ದಳು. ದೀಪ ಹಚ್ಚುವ ಹೊತ್ತಿಗೆ ಮೂವರೂ ಪ್ರಾರ್ಥನೆ ಹೇಳುತ್ತಿದ್ದರು. ಇನಾಸನ ಮನೆಮಾತು ಕೊಂಕಣಿ. ತಾಯಿ ಧಾರವಾಡದ ಕಡೆಯವಳಾದ್ದರಿಂದ ಪ್ರಾರ್ಥನೆ ಮಾತ್ರ ಕನ್ನಡದಲ್ಲಿ. ದಿನವೂ ತಾಯಿ ಮಗ ಆಮೆನ್ ಎಂದು ನಿಲ್ಲಿಸುತ್ತಿದ್ದರು. ಸತ್ಯವ್ವ ತನ್ನ ಸಾಲು ಮುಗಿಸುವವರೆಗೆ ಕಾಯುತ್ತಿದ್ದರು.

ಆಮೇಲೆ ಅವಳ ಚೀಲ ಹಿಡಿದು ಇನಾಸ ಬಸ್ ಸ್ಟ್ಯಾಂಡಿನ ತನಕ ಬರುತ್ತಿದ್ದ. ಇಬ್ಬರಿಗೂ ಮಾತಾಡುವಷ್ಟು ತ್ರಾಣ ಇರುತ್ತಿರಲಿಲ್ಲ. ಅವಳು ತಮ್ಮಂದಿರನ್ನು ಓದಿಸಿ, ಮದುವೆ ಮಾಡಿ, ಈಗ ಅಪ್ಪ ಗುರುಪುತ್ರಪ್ಪನ ಕೆಮ್ಮಿಗೆ ಕಷಾಯ ಕಾಸುವವಳು. ಅವನು ಹಗಲು ಭಟ್ಟಿ, ರಾತ್ರಿ ತಾಯಿ ಎಂದು ತಲೆಗೂದಲು ನರೆಸಿಕೊಂಡವನು.

“ಬಸ್ಸಿನ್ಯಾಗ ನಿದ್ದಿ ಮಾಡಬ್ಯಾಡ್ರಿ.”

“ಮಾಡಿದ್ರ ಕಂಡಕ್ಟರ್ ಎಬ್ಬಸ್ತಾನ್ರಿ.”

“ಅಂವ ಯಾಕ ಎಬ್ಬಸ್ಬೇಕು?”

ಅವಳು ಅವನತ್ತ ತಿರುಗಿ ನೋಡಿದಳು. ಅವನು ಚೀಲದ ಹಿಡಿಕೆಯಲ್ಲಿ ಬಿಚ್ಚಿದ ದಾರವನ್ನು ಬಹಳ ಆಸ್ಥೆಯಿಂದ ಸುತ್ತುತ್ತಿದ್ದ. ಆ ರಾತ್ರಿ ಮನೆಯಲ್ಲಿ ಅನ್ನ ಬಡಿಸುವಾಗ ಅವಳಿಗೆ ಆ ಬೆರಳುಗಳು ನೆನಪಾದವು. ಅಂದು ಉಗುರಿನಲ್ಲಿ ಮಣ್ಣು ಇರಲಿಲ್ಲ.

ದಸರೆ ಮುಗಿದ ಮೇಲೆ ಮರಿಯವ್ವ ತೀರಿಕೊಂಡಳು. ಸತ್ಯವ್ವನಿಗೆ ಆ ಮನೆಗೆ ಹೋಗಲು ಕಾರಣ ಉಳಿಯಲಿಲ್ಲ. ಡ್ಯೂಟಿ ಮುಗಿದರೆ ನೇರ ಬಸ್ ಸ್ಟ್ಯಾಂಡು, ತನ್ನ ಚೀಲ ತನ್ನದೇ ಕೈಯಲ್ಲಿ.

ತೀರಿಕೊಂಡು ತಿಂಗಳಾದ ದಿನ ಮನೆಯಲ್ಲಿ ಹೇಳುವ ಜಪಮಾಲೆಯ ಪ್ರಾರ್ಥನೆಗೆ ಬರಬೇಕೆಂದು ಮರಿಯವ್ವನ ತಂಗಿ ಹೇಳಿ ಕಳಿಸಿದ್ದಳು. ಇನಾಸನ ಚಿಕ್ಕವ್ವ ಅಂದರೆ ಗಟ್ಟಿ ದನಿಯ ಹೆಂಗಸು. ಅಕ್ಕ ಹೋದಾಗಿನಿಂದ ಆ ಮನೆಯಲ್ಲಿ ಅವಳದೇ ಕಾರುಬಾರು.

ಬಾಗಿಲಲ್ಲೇ ಇನಾಸ ಸಿಕ್ಕ. ಗಡ್ಡ ಬೆಳೆದಿತ್ತು.

“ಬರ್ರಿ ಸಿಸ್ಟರ್. ಸೊರಗೀರಲ್ಲ.”

“ನೀವೇನ್ ಗುಂಡಗ ಆಗೀರೇನು?” ಎಂದಳು. ಆಮೇಲೆ ಚಪ್ಪಲಿ ಬಿಡುತ್ತ, ಅವನ ಮುಖ ನೋಡದೆ, “ಹುಬ್ಬಳ್ಳಿಯಿಂದ ನನ್ನ ಕೇಳಾಕ ಬಂದಾರ. ಅವರ ಹೆಂಡತಿ ತೀರಿಕೊಂಡಾಳ, ಎರಡು ಮಕ್ಕಳದಾವ. ಭಾನುವಾರ ಅಪ್ಪ ಹೂಂ ಅನ್ನಾಂವ ಅದಾನ” ಎಂದಳು.

“ನೀವೇನಂದ್ರಿ?”

“ನಾ ಏನನ್ಲಿ? ಸಾಕಾಗೇತ್ರಿ ನನಗ. ಬ್ಯಾಡ ಅನ್ನಾಕ ಒಂದು ಕಾರಣರ ಬೇಕಲ್ಲ.”

ಅವನು ಗಡ್ಡ ಕೆರೆದುಕೊಂಡ. “ಚೊಲೋ ಆತು ಬಿಡ್ರಿ” ಎಂದ. ಅಷ್ಟರಲ್ಲಿ ಒಳಗಿನಿಂದ ಚಿಕ್ಕವ್ವ ಕೂಗಿದಳು.

ನಡುಮನೆಯಲ್ಲಿ ಚಾಪೆ ತುಂಬ ನೆಂಟರು. ಇನಾಸ ತಾಯಿಯ ಫೋಟೋದ ಮುಂದೆ ಮೊಣಕಾಲೂರಿದ. ಸತ್ಯವ್ವ ಹಿಂದೆ, ಹೊಸ್ತಿಲಿನ ಹತ್ತಿರ ಕುಳಿತಳು. ಇದು ಅವರ ಮನೆ, ಅವರ ಪದ್ಧತಿ. ಇವತ್ತು ಅವರು ಪ್ರಾರ್ಥನೆ ನಿಲ್ಲಿಸಿದಲ್ಲೇ ತಾನೂ ನಿಲ್ಲಿಸಬೇಕು ಎಂದು ಗಟ್ಟಿ ಮಾಡಿಕೊಂಡಿದ್ದಳು.

ಚಿಕ್ಕವ್ವ ಮಣಿ ಹಿಡಿದು ಶುರುಮಾಡಿದಳು. ‘ಸ್ವರ್ಗದಲ್ಲಿರುವ ನಮ್ಮ ತಂದೆಯೇ’ ಬಂತು. ಉಳಿದರ್ಧವನ್ನು ಎಲ್ಲರೂ ಒಟ್ಟಿಗೆ ಹೇಳಿದರು. “ಕೇಡಿನಿಂದ ನಮ್ಮನ್ನು ರಕ್ಷಿಸಿ, ಆಮೆನ್.”

ಸತ್ಯವ್ವ ಅಲ್ಲಿಗೇ ನಿಲ್ಲಿಸಿದಳು. ಎಲ್ಲರೂ ನಿಲ್ಲಿಸಿದರು. ಚಿಕ್ಕವ್ವ ಮುಂದಿನ ಮಣಿಗೆ ಬೆರಳು ಸರಿಸಿದಳು.

“ಯಾಕಂದರೆ ರಾಜ್ಯವೂ ಬಲವೂ...”

ದನಿ ಇನಾಸನದು. ಕಣ್ಣು ಮುಚ್ಚಿತ್ತು. ಸುತ್ತಲಿನ ಮೌನ ತಾಗಿ ಕಣ್ಣು ತೆರೆದ. ನೆಂಟರೆಲ್ಲ ಅವನನ್ನೇ ನೋಡುತ್ತಿದ್ದರು. ಕಿವಿಯ ತುದಿಯವರೆಗೂ ಕೆಂಪಾದ. ಬಾಯಿ ತೆರೆದೇ ಇತ್ತು. ಮುಂದಿನ ಶಬ್ದ ಬರಲಿಲ್ಲ.

ಸತ್ಯವ್ವನಿಗೆ ಒಮ್ಮೆಲೇ ಕಣ್ಣು ತುಂಬಿದವು. ಅವನು ತನ್ನೆದುರು ಒಂದು ದಿನವೂ ಈ ಸಾಲು ಹೇಳಿರಲಿಲ್ಲ. ಹಾಗಾದರೆ ಬಾಯಿಗೆ ಕೂತದ್ದು ಯಾವಾಗ?

“ಮಹಿಮೆಯೂ” ಎಂದಳು ಹೊಸ್ತಿಲ ಬಳಿಯಿಂದ. “ಸದಾಕಾಲ...”

“ನಿನ್ನವೇ” ಎಂದ ಅವನು. ಇಬ್ಬರೂ ಕೂಡಿ ಆಮೆನ್ ಅಂದರು.

ಚಿಕ್ಕವ್ವ ಮಣಿ ಹಿಡಿದ ಕೈಯನ್ನು ತೊಡೆಯ ಮೇಲಿಟ್ಟಳು. “ಇದ್ಯಾರ ಪ್ರಾರ್ಥನಿಯೋ ಇನಾಸ?”

“ಅವ್ವಂದು.”

“ನಮ್ಮಕ್ಕ ಯಾವಾಗ ಮೆಥೋಡಿಸ್ಟ್ ಆದ್ಳು?”

ಯಾರೋ ಕಿಸಕ್ಕೆಂದರು. ಇನಾಸ ಫೋಟೋ ನೋಡುತ್ತ ಹೇಳಿದ: “ಭಾನುವಾರ ಸಿಸ್ಟರ್ ಬರ್ತಿರಲಿಲ್ಲ. ‘ಆಕೀ ಬಾಲಾನೂ ಹೇಳೋ, ಇಲ್ಲಂದ್ರ ಮನಿ ಖಾಲಿ ಅನಸ್ತೈತಿ’ ಅಂತಿದ್ಳು ಅವ್ವ. ಹೇಳ್ತಿದ್ದೆ.” ಚಿಕ್ಕವ್ವನತ್ತ ತಿರುಗಿದ. “ಅವ್ವ ಹೋದ ಮ್ಯಾಲೂ ಹೇಳಾಕತ್ತೇನಿ, ದಿನಾ. ಖರೇ ಹೇಳ್ಬೇಕಂದ್ರ, ಈಗ ನನಗ ಮನಿ ಖಾಲಿ ಅನಸ್ತೈತಿ ಚಿಕ್ಕವ್ವ.”

ಚಿಕ್ಕವ್ವ ಅವನನ್ನು ನೋಡಿದಳು, ಹೊಸ್ತಿಲ ಬಳಿ ಸೆರಗಿನಿಂದ ಮೂಗು ಒರೆಸಿಕೊಳ್ಳುತ್ತಿದ್ದವಳನ್ನೂ ನೋಡಿದಳು. ಜಪ ಮುಂದುವರಿಸಿದಳು. ಮಾತೆ ಮರಿಯಮ್ಮನಿಗೆ ಹೇಳುವ ಮಣಿಗಳು ಸರಿದು ಮತ್ತೆ ‘ನಮ್ಮ ತಂದೆಯೇ’ ಬಂತು, ಮುಗಿಯಿತು. ಚಿಕ್ಕವ್ವ ಮುಂದಿನ ಮಣಿ ಹಿಡಿಯಲಿಲ್ಲ.

“ಹೂಂ, ಹೇಳ್ರಿ ಇಬ್ಬರೂ” ಎಂದಳು. “ಲಗೂ ಹೇಳ್ರಿ. ನನ್ನ ಮೊಣಕಾಲು ನೋಯಾಕತ್ತಾವ.”

ಬಸ್ ಸ್ಟ್ಯಾಂಡಿನವರೆಗೆ ಇನಾಸ ಚೀಲ ಹಿಡಿದು ಬಂದ. ಹೊತ್ತು ಮುಳುಗುತ್ತಿತ್ತು. ಬೆಳಗಾವಿಯ ಬಸ್ಸು ಆಗಲೇ ತುಂಬುತ್ತಿತ್ತು. ಇಬ್ಬರೂ ಅವಸರ ಮಾಡಲಿಲ್ಲ.

“ಅಷ್ಟು ಮಂದಿ ಮುಂದ ಹೇಳಿದ್ರಿ. ಬಾಗಲದಾಗ ನಾ ಒಬ್ಬಾಕಿನ ಇದ್ದಾಗ ಚೊಲೋ ಆತು ಅಂದ್ರಿ” ಎಂದಳು.

“ನಿಮ್ಮ ಮುಂದ ಬಾಯಿನ ಬರೂದಿಲ್ರಿ ನನಗ. ಭಾನುವಾರ ಬೆಳಗಾವಿಗೆ ಬರ್ಲಿ? ನಿಮ್ಮಪ್ಪಗ ಕೇಳ್ತೀನಿ.”

“ನಮ್ಮಪ್ಪ ಒಪ್ಪೂದು ಸಸಾರ ಇಲ್ಲ. ಭಾಳ ಮಾತಾಡಸ್ತಾನ, ದಣಸ್ತಾನ.”

“ದಣದೇ ಇದ್ದೀನಲ್ರಿ. ಇನ್ನೊಂಚೂರು.”

ಅವಳು ಚೀಲ ತೆಗೆದುಕೊಂಡಳು. ಹಿಡಿಕೆಯ ಮೇಲೆ ಅವನ ಬೆರಳಿನ ಪಕ್ಕ ಅವಳ ಬೆರಳು ಸ್ವಲ್ಪ ಹೊತ್ತು ಉಳಿಯಿತು. ಹತ್ತಿ ಕಿಟಕಿಯ ಬಳಿ ಕುಳಿತು, ಬಸ್ಸು ಅಲುಗಿದಾಗ ಹೊರಗೆ ಬಾಗಿದಳು.

“ಕೈ ತೊಳಕೊಂಡು ಬರ್ರಿ. ಮತ್ತ ಊಟಕ್ಕ ಮೊದಲ ಅಪ್ಪ ಪ್ರಾರ್ಥನಿ ಮಾಡ್ತಾನ, ಅವಸರದಾಗ ಆಮೆನ್ ಅಂದು ನಿಲ್ಲಬ್ಯಾಡ್ರಿ.”

“ನಿಲ್ಲೂದಿಲ್ಲ” ಎಂದ ಇನಾಸ.

ಊರು ದಾಟುವ ಮೊದಲೇ ಅವಳಿಗೆ ನಿದ್ದೆ ಹತ್ತಿತ್ತು.